ನಿಂತಳು, ಬಿದ್ದಳು, ಕೂತಳು

ವೇದಿಕೆಯ ಮೇಲೆ ದೊಡ್ಡವರು ಭಾಷಣ ಮಾಡುವಾಗ ಪಕ್ಕದಲ್ಲಿ ಇನ್ನೊಬ್ಬ ನಿಂತಿರುತ್ತಾನಲ್ಲ, ಅವನೇ ನಾನು. ಪೋಸ್ಟರಿನಲ್ಲಿ ಹೆಸರಿರುವುದಿಲ್ಲ. ಮಾರನೆಯ ದಿನದ ಪೇಪರಿನ ಫೋಟೋದಲ್ಲಿ ಒಂದು ಕಿವಿ, ಅರ್ಧ ಭುಜ ಬಂದರೆ ಅದೇ ದೊಡ್ಡದು. ರಾಯಚೂರು ಜಿಲ್ಲೆಯ ಕೂಲಿಕಾರರ ಸಂಘಕ್ಕೆ, ನಮ್ಮ ಕೆಂಬಾವುಟದ ಸಭೆಗಳಿಗೆ, ಹೊರಗಿನಿಂದ ಯಾವ ನಾಯಕರು ಬಂದರೂ ಅವರ ಇಂಗ್ಲಿಷು, ಹಿಂದಿ, ತೆಲುಗನ್ನು ನಮ್ಮ ಜನಕ್ಕೆ ಕನ್ನಡದಲ್ಲಿ ಮುಟ್ಟಿಸುವುದು ನನ್ನ ಕೆಲಸ. ತಲೆಗೂದಲು ಪೂರ್ತಿ ಬೆಳ್ಳಗಾಗುವವರೆಗೆ ಅದನ್ನೇ ಮಾಡಿದೆ, ಈಗ ಮಾನ್ವಿಯ ಮನೆಯಲ್ಲಿ ಕೂತು ಹೆಂಡತಿಯ ಮಾತನ್ನು ಮೊಮ್ಮಕ್ಕಳಿಗೆ ಅನುವಾದ ಮಾಡುತ್ತಿದ್ದೇನೆ.

ಇದನ್ನು ಬರೆಯಲು ಕಾರಣ ಸಂಘಕ್ಕೆ ಹೊಸದಾಗಿ ಸೇರಿದ ಇಬ್ಬರು. ಒಬ್ಬಳು ದೇವದುರ್ಗದವಳು, ಒಬ್ಬ ರಾಯಚೂರಿನವನು. ‘ಈಗ ಫೋನೇ ಅನುವಾದ ಮಾಡತದಲ್ರಿ ಸರ್, ನಾವು ಕಲಿಯೋದೇನದ?’ ಎಂದು ಕೇಳಿದರು. ನನಗೆ ರೇಗಿತು. ‘ಅದಕ್ಕ ಹೇಳು, ನಮ್ಮ ಸಾಬಣ್ಣ ಎಲೆಕ್ಷನ್ನಿಗೆ ನಿಂತು ಬಿದ್ದ ಅಂತ’ ಎಂದೆ. ಫೋನು ಆ ವಾಕ್ಯವನ್ನು ಇಂಗ್ಲಿಷಿಗೆ ಹಾಕಿತು. ಓದಿದರೆ ಸಾಬಣ್ಣ ಎಲ್ಲೋ ನಿಂತಲ್ಲೇ ತಲೆ ತಿರುಗಿ ಬಿದ್ದಿದ್ದಾನೆ, ಆಸ್ಪತ್ರೆಗೆ ಒಯ್ಯಬೇಕು! ಇಬ್ಬರೂ ನಕ್ಕರು. ಆ ನಗು ಮುಗಿಯುವುದರೊಳಗೆ ಹೇಳಿಬಿಡಬೇಕು ಎಂದು ಪೆನ್ನು ಹಿಡಿದಿದ್ದೇನೆ. ನಾನು ಯಾವ ವರ್ಷ ಯಾವ ಸಮಿತಿಗೆ ಬಂದೆ, ಯಾವ ಹುದ್ದೆ ಹಿಡಿದೆ ಎನ್ನುವುದು ನಿಮಗೆ ಬೇಡ. ಅದರಿಂದ ಯಾರಿಗೂ ಒಂದು ಪದ ಹೆಚ್ಚಿಗೆ ಬರುವುದಿಲ್ಲ.

ಕಲಿಸಿದವರು ಮಾಸ್ತರು. ನಮ್ಮ ಜಿಲ್ಲಾ ಕಾರ್ಯದರ್ಶಿ. ಮೊದಲು ಶಾಲೆಯಲ್ಲಿದ್ದು ಬಿಟ್ಟು ಬಂದವರಾದ್ದರಿಂದ ಕೊನೆಯವರೆಗೂ ಎಲ್ಲರಿಗೂ ಮಾಸ್ತರೇ. ಸಿಟ್ಟು ಮೂಗಿನ ತುದಿಯಲ್ಲಿ. ಅವರದೊಂದು ಪರೀಕ್ಷೆಯಿತ್ತು. ಸಭೆ ಮುಗಿದ ಕೂಡಲೇ ವೇದಿಕೆಯ ಮೇಲಿನವರನ್ನೆಲ್ಲ ಬಿಟ್ಟು ಸೀದಾ ಕೊನೆಯ ಸಾಲಿಗೆ ಹೋಗುವರು. ಅಲ್ಲಿ ಕೂತ ಯಾವುದಾದರೂ ಮುದುಕಿಯ ಎದುರು ಕುಕ್ಕರಗಾಲಲ್ಲಿ ಕೂತು, ‘ಯವ್ವಾ, ಏನು ಹೇಳಿದ್ರು ಸಾಹೇಬ್ರು?’ ಎಂದು ಕೇಳುವರು. ಮುದುಕಿ ಏನು ಹೇಳುತ್ತಾಳೋ ಅದೇ ನನ್ನ ಮಾರ್ಕು. ನಾನು ಮೈಕಿನ ವೈರು ಸುತ್ತುವ ನೆಪದಲ್ಲಿ ಕಿವಿ ಅತ್ತ ಕೊಟ್ಟು ನಿಂತಿರುತ್ತಿದ್ದೆ. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ಅಷ್ಟು ಹೆದರಿದವನಲ್ಲ.

ಶುರುವಿನ ವರ್ಷಗಳ ಒಂದು ಸಭೆ. ದೇವದುರ್ಗದ ಕಡೆಯ ಊರು, ತೆಲುಗು ಹೆಚ್ಚು ಬಾರದ ಜನ. ಬಂದಿದ್ದ ನಾಯಕರು ತೆಲುಗರು, ಗಂಟಲು ನಗಾರಿಯಂತಿತ್ತು. ಎಲ್ಲರಿಗೂ ಮನೆ ಬೇಕು ಎನ್ನುವುದನ್ನು ಅವರ ಭಾಷೆಯಲ್ಲಿ ಕೈಯೆತ್ತಿ ಕೂಗಿದರು, ‘ಅಂದರಿಕೀ ಇಲ್ಲು ಕಾವಾಲಿ!’ ನಾನು ಬಾಯಿ ತೆರೆಯುವುದರೊಳಗೆ ಮುಂದಿನ ಸಾಲಿನ ಒಬ್ಬ ರೈತ ದಡಕ್ಕನೆ ಎದ್ದ. ನಮ್ಮ ಕಡೆ ಕಾಲುವೆಗೆ ಕಾವಲಿ ಎನ್ನುವವರಿದ್ದಾರೆ. ಅವನಿಗೆ ಕೇಳಿದ್ದು ‘ಕಾವಲಿ ಇಲ್ಲ’ ಎಂದು. ‘ಯಾಕಿಲ್ರಿ ಸಾಹೇಬ್ರ, ಕಾವಲಿ ಅದ! ನೀರಿಲ್ಲ!’ ಎಂದು ಕೂಗಿದ. ಜನ ಚಪ್ಪಾಳೆ ಹೊಡೆಯಿತು. ನಾಯಕರಿಗೆ ಬಹಳ ಖುಷಿಯಾಯಿತು. ತೆಲುಗಿನಲ್ಲಿ ನನ್ನನ್ನು, ‘ಏನಂತಾನೆ?’ ಎಂದು ಕೇಳಿದರು. ‘ಮನೆ ಬೇಕು ಅಂತಾನೆ, ನೀರೂ ಬೇಕಂತೆ’ ಎಂದೆ. ಅವರು ಇನ್ನಷ್ಟು ಹುರುಪಿನಿಂದ ಮನೆಯ ಬಗ್ಗೆ ಮಾತಾಡಿದರು, ಜನ ಇನ್ನಷ್ಟು ಹುರುಪಿನಿಂದ ನೀರಿಗೆ ಚಪ್ಪಾಳೆ ತಟ್ಟಿತು.

ಆಮೇಲೆ ಮಾಸ್ತರ ಪರೀಕ್ಷೆ. ಕೊನೆಯ ಸಾಲಿನ ಮುದುಕಿ ಬೊಚ್ಚುಬಾಯಿ ತುಂಬ ನಗುತ್ತ, ‘ಮನಿ ಕೊಡ್ತಾರಂತ್ರಿ, ಕಾವಲಿಗಿ ನೀರೂ ಬಿಡ್ತಾರಂತ’ ಎಂದಳು. ಮಾಸ್ತರು ಎದ್ದು ಬಂದು ನನ್ನ ಮುಂದೆ ನಿಂತರು. ‘ಲೇ ಅಮರ್ಯಾ, ಅವರು ನೀರಿನ ಮಾತೇ ಎತ್ತಿಲ್ಲ. ಈಗ ಯಾರು ಬಿಡ್ತಾರ, ನಿಮ್ಮಪ್ಪ ಬಿಡ್ತಾನೇನು?’ ಎಂದು ಬೈದರು. ಆದರೆ ಮುಂದಿನ ವಾರವೇ ಆ ಊರವರನ್ನು ಕರೆದುಕೊಂಡು ಹೋಗಿ ನೀರಾವರಿ ಕಚೇರಿಯ ಮುಂದೆ ಕೂಡಿಸಿದರು. ನೀರು ಬಂತು. ಮನೆ ಮಾತ್ರ ಇವತ್ತಿಗೂ ಬಂದಿಲ್ಲ.

ಕೆಲಸದ ಕಟ್ಟಳೆಗಳನ್ನು ಒಂದಿಷ್ಟು ಹೇಳುತ್ತೇನೆ. ಭಾಷಣಕಾರರ ಎಡಕ್ಕೆ ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಬಾಯಿ ನೋಡಬಾರದು, ಕೈ ನೋಡಬೇಕು. ಕೈ ಇಳಿಯಿತೆಂದರೆ ವಾಕ್ಯ ಮುಗಿಯಿತು. ಕೆಲವರ ಕೈ ಇಳಿಯುವುದೇ ಇಲ್ಲ. ಒಬ್ಬ ಬಂಗಾಳದ ನಾಯಕರು ಕಾಲು ಗಂಟೆ ಉಸಿರು ಬಿಡದೆ ಮಾತಾಡಿದರು, ನಾನು ಅವರ ಜುಬ್ಬಾದ ತುದಿ ಜಗ್ಗಿದೆ, ಅವರು ಇಲಿಯೇನೋ ಎಂದು ಕಾಲು ಝಾಡಿಸಿದರು. ಮೊದಲು ಮರಕ್ಕೆ ಕಟ್ಟಿದ ಹಾರ್ನ್ ಮೈಕು ಒಂದೇ ಇರುತ್ತಿತ್ತು, ಅದನ್ನು ಅವರ ಕೈಯಿಂದ ಕಿತ್ತುಕೊಳ್ಳುವುದೇ ಒಂದು ಹೋರಾಟ. ಆಮೇಲೆ ಎರಡು ಮೈಕು ಬಂದವು, ವೈರಿಲ್ಲದ ಮೈಕು ಬಂತು. ಈಗ ಕಿವಿಗೆ ಸಿಕ್ಕಿಸುವ ಯಂತ್ರ ಬಂದಿದೆಯಂತೆ. ಎಲ್ಲ ಬರಲಿ. ಆದರೆ ಕೊನೆಯ ಸಾಲಿನ ಮುದುಕಿಯನ್ನು ಕೇಳುವ ಯಂತ್ರ ಇನ್ನೂ ಬಂದಿಲ್ಲ. ಅವಳನ್ನು ಕೇಳದೆ ಬಿಟ್ಟ ಒಂದು ದಿನ ಏನಾಯಿತು ಎಂಬುದನ್ನೇ ನಾನು ಹೇಳಬೇಕಾಗಿರುವುದು.

ಕೆಲವು ವರ್ಷಗಳ ಹಿಂದೆ, ಪಂಚಾಯಿತಿ ಚುನಾವಣೆಯ ಕಾಲ. ಮಾಸ್ತರು ಫೋನು ಮಾಡಿ, ‘ಜಪಾನಿನಿಂದ ಒಬ್ಬಾಕಿ ಬರಾಕತ್ತಾಳ’ ಎಂದರು. ‘ಯಾವ ಜಪಾನ್ರೀ?’ ಎಂದೆ. ‘ಜಪಾನು ಎಷ್ಟದಾವಲೇ?’ ಎಂದು ಫೋನಿಟ್ಟರು. ವಿಷಯ ಇಷ್ಟು. ಜಪಾನಿನ ಒಂದು ಸಣ್ಣ ಪಟ್ಟಣದಲ್ಲಿ ಬಹಳ ವರ್ಷ ನಗರಸಭೆಯ ಸದಸ್ಯೆಯಾಗಿದ್ದ ಕಮ್ಯುನಿಸ್ಟ್ ಹೆಣ್ಣುಮಗಳು, ಹೆಸರು ತೊಮಿಯೆ. ರಾಜಕೀಯದಿಂದ ನಿವೃತ್ತಿಯಾಗಿ ಊರೂರು ಸುತ್ತುತ್ತಿದ್ದಳು. ನಮ್ಮ ದೇಶ ನೋಡಲು ಬಂದವಳಿಗೆ ಯಾರೋ ನಮ್ಮ ಕೂಲಿ ಹೆಣ್ಣುಮಕ್ಕಳ ಬಗ್ಗೆ ಹೇಳಿದ್ದಾರೆ. ಜೊತೆಯಲ್ಲಿ ಕೆಂಜಿ ಎಂಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಅವಳ ಜಪಾನಿಯನ್ನು ಕೆಂಜಿ ಇಂಗ್ಲಿಷಿಗೆ ಹಾಕಬೇಕು, ನಾನು ಕನ್ನಡಕ್ಕೆ. ಒಂದು ಮಾತು ಎರಡು ಬಾಯಿ ದಾಟಿ ಬರಬೇಕು! ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಅಷ್ಟು ಉಮೇದು.

ರಾಯಚೂರು ಸ್ಟೇಷನ್ನಿನಲ್ಲಿ ಇಳಿದವಳು ನಮ್ಮ ಅವ್ವನಷ್ಟೇ ಎತ್ತರ. ಬಿಳಿ ಕೂದಲು, ಬಟ್ಟೆಯ ಬೂಟು, ಬೆನ್ನಿಗೊಂದು ಚೀಲ. ಬಿಸಿಲು ಮುಖಕ್ಕೆ ಹೊಡೆದರೂ ಕಣ್ಣು ಕಿರಿದು ಮಾಡಿಕೊಂಡು ನಗುತ್ತಲೇ ಇದ್ದಳು. ಇನ್ನೂ ಪ್ಲಾಟ್‌ಫಾರಂ ದಾಟಿಲ್ಲ, ಸ್ಟೇಷನ್ನಿನ ಹೊರಬಾಗಿಲು ತೋರಿಸಿ ಏನೋ ಹೇಳಿದಳು. ಕೆಂಜಿ ಇಂಗ್ಲಿಷಿನಲ್ಲಿ ತಿಳಿಸಿದ, ‘ಬೆಳಿಗ್ಗೆ ಭಾಷಣ ಮಾಡಲು ಇದು ಒಳ್ಳೆಯ ಜಾಗ ಎನ್ನುತ್ತಿದ್ದಾರೆ.’ ಅಲ್ಲಿಯೇ ನನಗೆ ಇವಳು ನಮ್ಮವಳು ಎನಿಸಿಬಿಟ್ಟಿತು.

ಮಾಸ್ತರು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಪ್ರವಾಸಕ್ಕೆ ಬಂದ ವಿದೇಶದವರು ನಮ್ಮ ಚುನಾವಣೆಯ ಬಗ್ಗೆ ಒಂದು ಮಾತೂ ಆಡಬಾರದು. ಬಾವುಟ ಬೇಡ, ಬ್ಯಾನರ್ ಬೇಡ. ‘ಆಕಿ ತನ್ನ ಬದುಕಿನ ಕತಿ ಹೇಳ್ಲಿ, ಹೆಣ್ಮಕ್ಳು ತಮ್ಮದು ಹೇಳ್ಲಿ. ಅಷ್ಟ. ನೀ ನಡುವ ಬಾಯಿ ಹಾಕಬ್ಯಾಡ’ ಎಂದಿದ್ದರು. ಮೊದಲ ದಿನ ಮಾನ್ವಿಯ ಹತ್ತಿರ ಭತ್ತದ ಗದ್ದೆಗೆ ಕರೆದೊಯ್ದೆ. ನಾಟಿ ನಡೆದಿತ್ತು. ಅವಳು ಬೂಟು ಬಿಚ್ಚಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಕೇಳದೆ ಕೆಸರಿಗೆ ಇಳಿದೇಬಿಟ್ಟಳು. ಚಿಕ್ಕವಳಿದ್ದಾಗ ಅಜ್ಜಿಯ ಗದ್ದೆಯಲ್ಲಿ ನಾಟಿ ಮಾಡಿದ್ದಳಂತೆ. ಹೆಣ್ಣುಮಕ್ಕಳು ಅವಳು ಹಚ್ಚಿದ ಸಾಲನ್ನು ಬಗ್ಗಿ ನೋಡಿ, ‘ಕೈ ಅದ ಬಿಡ್ರಿ’ ಎಂದು ಪಾಸು ಮಾಡಿದರು. ತೊಮಿಯೆ ಎನ್ನುವುದು ಅವರ ನಾಲಿಗೆಗೆ ಹತ್ತಲಿಲ್ಲ. ಸಂಜೆಯೊಳಗೆ ತಿಮ್ಮವ್ವ ಆಗಿಹೋಗಿದ್ದಳು. ಆ ಹೆಸರು ಅವಳಿಗೆ ಎಷ್ಟು ಹಿಡಿಸಿತೆಂದರೆ ತಾನೇ ಎದೆ ಮುಟ್ಟಿಕೊಂಡು ‘ತಿಮ್ಮವ್ವ’ ಎನ್ನತೊಡಗಿದಳು.

ಎರಡನೆಯ ದಿನ ದೇವದುರ್ಗದ ಆಚೆಯ ಒಂದು ಊರು. ಹೆಸರು ಹೇಳುವುದಿಲ್ಲ. ಅಲ್ಲಿಯ ಎರಡೂ ಕಡೆಯವರು ನನಗೆ ಈಗಲೂ ಚಹಾ ಕೊಡುತ್ತಾರೆ, ಅದು ನಿಲ್ಲಬಾರದು. ಆ ಊರಲ್ಲಿ ಉದ್ಯೋಗ ಖಾತ್ರಿಯ ಹೆಣ್ಣಾಳುಗಳ ಮುಂದಾಳು ಹನುಮವ್ವ. ಕೂಲಿ ಮಾಡುವ ಮನೆತನ, ಊರ ಹೊರಗಿನ ಕೇರಿ. ಗಂಡ ತೀರಿಹೋಗಿದ್ದ, ಮೈದುನ ಬಸಪ್ಪನ ಮನೆಯ ಜೊತೆಗೇ ಇದ್ದಳು. ಕೆರೆ ಹೂಳೆತ್ತುವ ಕೆಲಸವನ್ನು ಪಂಚಾಯಿತಿಯವರು ಹೆಣ್ಣಾಳುಗಳಿಗೆ ಕೊಡದೆ ಜೆಸಿಬಿಯಿಂದ ಮಾಡಿಸುತ್ತಿದ್ದರು. ಇದನ್ನು ಪಂಚಾಯಿತಿಯ ಒಳಗೇ ಕೂತು ಕೇಳಬೇಕು ಎಂದು ಹನುಮವ್ವ ನಾಮಪತ್ರ ಹಾಕಿದ್ದಳು. ಎದುರಿಗೆ ಗೌಡರ ಸೊಸೆ. ಗೌಡರಿಗೆ ಅವಿರೋಧ ಆಯ್ಕೆ ಆಗಬೇಕು. ಹನುಮವ್ವ ಹಿಂದೆ ಸರಿದರೆ ಕೆರೆ ಕೆಲಸ ಜೆಸಿಬಿಗೇ ಕಾಯಂ, ಹೆಣ್ಣಾಳುಗಳು ಮತ್ತೆ ದೂರದೂರಿಗೆ ಗಂಟು ಕಟ್ಟಬೇಕು.

ಇಲ್ಲಿ ನಮ್ಮ ಭಾಷೆಯ ಒಂದು ಸಂಗತಿ ಹೇಳಬೇಕು. ನಮ್ಮಲ್ಲಿ ಚುನಾವಣೆಗೆ ಸ್ಪರ್ಧಿಸಿದವರು ‘ನಿಂತರು’, ಸೋತವರು ‘ಬಿದ್ದರು’. ನಾಮಪತ್ರ ಹಾಕಿ ಆಮೇಲೆ ವಾಪಸ್ ತೆಗೆದುಕೊಂಡವರು ‘ಕೂತರು’. ಹನುಮವ್ವನ ಮನೆಗೆ ಬಂದವರೆಲ್ಲ ಹೇಳುತ್ತಿದ್ದದ್ದು ಅದನ್ನೇ. ‘ಕೂಡವ್ವಾ, ಊರಾಗ ಜಗಳ ಬ್ಯಾಡ.’ ಬಸಪ್ಪನಿಗೆ ಗೌಡರ ಟ್ರ್ಯಾಕ್ಟರ್ ಓಡಿಸುವ ಕೆಲಸದ ಆಸೆ ಹತ್ತಿತ್ತು. ಅವನೂ ಬೆಳಿಗ್ಗೆ ರೊಟ್ಟಿ ತಿನ್ನುವಾಗ, ‘ಯತ್ತಿಗಿ, ಕೂತುಬಿಡು’ ಎನ್ನುವನು. ನಾಮಪತ್ರ ವಾಪಸ್ ಪಡೆಯಲು ಮರುದಿನ ಮಧ್ಯಾಹ್ನ ಮೂರು ಗಂಟೆಯವರೆಗೆ ಸಮಯವಿತ್ತು.

ಮಾತುಕತೆ ಸಮುದಾಯ ಭವನದಲ್ಲಿ. ಹೆಣ್ಣುಮಕ್ಕಳು ಒಳಗೆ ಹಿಡಿಸದೆ ಕಿಟಕಿಯಲ್ಲಿ ಜೋತುಬಿದ್ದಿದ್ದರು. ಜಪಾನಿನಾಕೆ ಹೇಗಿರುತ್ತಾಳೆ ನೋಡಲು ಗೌಡರ ಕಡೆಯ ಗಂಡಸರೂ ಹಿಂದೆ ಬಂದು ನಿಂತಿದ್ದರು. ತಿಮ್ಮವ್ವ ಶುರು ಮಾಡಿದಳು. ಅವಳ ತಾತ ಯುದ್ಧ ಬೇಡ ಎನ್ನುವ ಚೀಟಿ ಹಂಚಿ ಜೈಲಿಗೆ ಹೋದವನು. ನನ್ನ ವಿಚಾರ ಬದಲಾಯಿತು ಎಂದು ಬರೆದುಕೊಟ್ಟರೆ ಬಿಡುತ್ತೇವೆ ಎಂದರಂತೆ ಪೊಲೀಸರು. ಬರೆದುಕೊಡಲಿಲ್ಲ. ಕಾಯಿಲೆ ಬಿದ್ದ ಮೇಲೆ ಮನೆಗೆ ತಂದು ಬಿಟ್ಟರು, ಉಳಿಯಲಿಲ್ಲ. ಹಾಗಾಗಿ ಇವಳು ನರ್ಸ್ ಕೆಲಸದಲ್ಲಿದ್ದಾಗ ಪಕ್ಷಕ್ಕೆ ಸೇರಿದ್ದು ತಿಳಿದು ತಾಯಿ ಮೂರು ಹೊತ್ತೂ ಅತ್ತಳಂತೆ. ನಮ್ಮ ಹೆಣ್ಣುಮಕ್ಕಳು ಲೊಚಗುಟ್ಟಿದರು.

ಕತೆ ಮುಂದುವರಿಯಿತು. ಬೆಳಕು ಹರಿಯುವ ಮೊದಲೇ ಸೈಕಲ್ ಮೇಲೆ ಪಕ್ಷದ ಪತ್ರಿಕೆಯನ್ನು ಮನೆಮನೆಗೆ ಹಾಕುವಳು. ಆಮೇಲೆ ಸ್ಟೇಷನ್ನಿನ ಮುಂದೆ ಕೈಮೈಕು ಹಿಡಿದು ನಿಂತು ಒಬ್ಬಳೇ ಮಾತಾಡುವಳು. ಜನ ತಲೆಯೆತ್ತದೆ ರೈಲಿಗೆ ಓಡುವರು. ಮಳೆ ಬಂದರೆ ಕೊಡೆ, ಹಿಮ ಬಿದ್ದರೆ ಟೊಪ್ಪಿಗೆ. ಚುನಾವಣೆಗೆ ನಿಂತಳು, ಬಿದ್ದಳು. ಮತ್ತೆ ನಿಂತಳು, ಮತ್ತೆ ಬಿದ್ದಳು. ಕೊನೆಗೆ ಗೆದ್ದಳು. ಗೆದ್ದ ಮೇಲೆ ಮನೆಯ ಫೋನು ಬಡಿದುಕೊಳ್ಳುವುದು ನಿಲ್ಲಲಿಲ್ಲ. ಚರಂಡಿ ಕಟ್ಟಿದರೂ ಅವಳೇ, ಬಾಡಿಗೆಮನೆಯಿಂದ ಹೊರಗೆ ಹಾಕಿದರೂ ಅವಳೇ. ಆಗ ಕಿಟಕಿಯಲ್ಲಿದ್ದ ಈರಮ್ಮ, ಸಂಘದಲ್ಲಿ ಹನುಮವ್ವನ ಬಲಗೈ, ‘ಯಣ್ಣಾ, ಜಪಾನಿನ್ಯಾಗೂ ಚರಂಡಿ ಕಟ್ಟತಾವೇನು?’ ಎಂದು ಕೇಳಿದಳು. ಆ ಪ್ರಶ್ನೆ ಎರಡು ಬಾಯಿ ದಾಟಿ ಹೋಯಿತು. ತಿಮ್ಮವ್ವ ಕೈಯೆತ್ತಿ, ಮೂಗು ಮುಚ್ಚಿ ತೋರಿಸಿದಳು. ಅದಕ್ಕೆ ಅನುವಾದ ಬೇಕಾಗಲಿಲ್ಲ. ಭವನ ಹಾರಿಹೋಗುವಂತೆ ನಗು! ನನ್ನ ಜೀವಮಾನದಲ್ಲಿ ಅಂಥ ಸಭೆ ಕಂಡಿರಲಿಲ್ಲ. ನಾನು ಗಾಳಿಯಲ್ಲಿದ್ದೆ.

ಆಗ ಬಂತು ಆ ಮಾತು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಶಿಶುವಿಹಾರ ಬೇಕೆಂದು ಅವಳೂ ತಾಯಂದಿರೂ ಮಕ್ಕಳನ್ನು ಕಟ್ಟಿಕೊಂಡು ನಗರಸಭೆಯ ಮೆಟ್ಟಿಲ ಮೇಲೆ ಕೂತರಂತೆ. ಮೇಯರ್ ಕೊನೆಗೂ ಒಪ್ಪಿದನಂತೆ. ಕೆಂಜಿ ಅದನ್ನು ಚಿಕ್ಕದಾಗಿ ಹೇಳಿದ. ನನಗೆ ಲಯ ಹತ್ತಿಬಿಟ್ಟಿತ್ತು. ಕೈಯೆತ್ತಿ ಎತ್ತರದ ದನಿಯಲ್ಲಿ ಕೂಗಿದೆ, ‘ತಿಮ್ಮವ್ವ ಕೂತಳು! ಕೂತು ಗೆದ್ದಳು!’

ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದೆ ನಿಂತ ಗಂಡಸರ ಕಡೆಯಿಂದ ಜೋರು ಚಪ್ಪಾಳೆ. ಗೌಡರ ಕಡೆಯವರೂ ಒಲಿದುಬಿಟ್ಟರಲ್ಲ ಎಂದು ಉಬ್ಬಿಹೋದೆ! ಆ ಪದ ಊರಲ್ಲಿ ಎಲ್ಲರ ಬಾಯಲ್ಲಿತ್ತು, ನನಗೂ ಗೊತ್ತಿತ್ತು. ಆದರೆ ಧರಣಿಗೂ ನಾವು ಕೂಡುವುದೇ ಅಲ್ಲವೇ? ತಹಸೀಲ್ ಕಚೇರಿಯ ಮುಂದೆ ಆಯುಷ್ಯವೆಲ್ಲ ಕೂತವನ ತಲೆಗೆ ಬೇರೆ ಅರ್ಥ ಹೊಳೆಯಲೇ ಇಲ್ಲ. ಮಾಸ್ತರು ಜ್ವರವೆಂದು ಅವತ್ತು ರಾಯಚೂರಿನಲ್ಲೇ ಉಳಿದಿದ್ದರು. ಕೊನೆಯ ಸಾಲಿನ ಮುದುಕಿಯನ್ನು ಯಾರೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ದೇವದುರ್ಗದಲ್ಲಿ ಊಟಕ್ಕೆ ಕೂತಿದ್ದೆವು. ತಿಮ್ಮವ್ವ ಜೋಳದ ರೊಟ್ಟಿಯನ್ನು ಹಾಳೆಯಂತೆ ಮಡಚಿ ತಿನ್ನುತ್ತಿದ್ದಳು. ಈರಮ್ಮನ ಫೋನು ಬಂತು.

‘ಯಣ್ಣಾ, ಏನು ಮಾಡಿದ್ಯೋ ನೀ! ನಿನ್ನಿ ಸಂಜಿಯಿಂದ ಬಸಪ್ಪ ಒಂದ ಸವನ ಹಿಡದಾನ. ಅಷ್ಟು ದೊಡ್ಡ ಜಪಾನಿನಾಕಿನೇ ಕೂತಾಳಂತ, ಕೂತರೂ ಗೆದ್ದಾಳಂತ, ನೀನೇನು ದೊಡ್ಡಾಕಿ ಅಂತ. ಹನುಮವ್ವ ರಾತ್ರಿಯೆಲ್ಲ ಅತ್ತು, ಹಂಗಾರ ಕೂಡ್ತೀನಿ ಅಂದಾಳ. ಈಗ ಪಂಚಾಯ್ತಿಗಿ ಹೊಂಟಾರ!’

ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಗಡಿಯಾರ ನೋಡಿದೆ, ಎರಡು ದಾಟಿತ್ತು. ಹನುಮವ್ವನಿಗೆ ಫೋನು ಹಚ್ಚಿದೆ, ಬಸಪ್ಪ ಎತ್ತಿ ಕಟ್ ಮಾಡಿದ. ಮತ್ತೆ ಹಚ್ಚಿದೆ, ಸ್ವಿಚಾಫ್. ಕೈ ತೊಳೆಯದೆಯೇ ಎಲ್ಲರೂ ಜೀಪು ಹತ್ತಿದೆವು. ಡ್ರೈವರ್ ಮೌಲಾಲಿ, ‘ಏನಾತ್ರಿ ಸರ್, ಪೊಲೀಸರು ಬಂದ್ರೇನು?’ ಎಂದ. ‘ಪೊಲೀಸರು ಬಂದಿದ್ರ ಚೊಲೊ ಇತ್ತು, ಹೊಡಿ ಗಾಡಿ!’ ಎಂದೆ.

ದಾರಿಯಲ್ಲಿ ಕೆಂಜಿಗೆ ಇಂಗ್ಲಿಷಿನಲ್ಲಿ ವಿವರಿಸುವುದು ನರಕವಾಯಿತು. ನಮ್ಮಲ್ಲಿ ನಿಲ್ಲುವುದೆಂದರೆ ಇದು, ಕೂಡುವುದೆಂದರೆ ಅದು ಎಂದು ಸೀಟಿನಲ್ಲೇ ಎದ್ದು ಕೂತು ತೋರಿಸಿದೆ, ತಲೆ ಜೀಪಿನ ಮಾಡಿಗೆ ಬಡಿಯಿತು. ಅವನಿಗೆ ಅರ್ಥವಾದ ಕೂಡಲೇ ಅವಳಿಗೆ ಹೇಳಿದ. ಅವಳು ಮೊದಲು ಗೊಳ್ಳನೆ ನಕ್ಕಳು. ಆಮೇಲೆ ನಗು ನಿಂತಿತು. ‘ನಿಮ್ಮ ಚುನಾವಣೆಯ ಬಗ್ಗೆ ನಾನು ಮಾತಾಡುವ ಹಾಗಿಲ್ಲ. ಹನುಮವ್ವ ನಿಲ್ಲಲಿ, ಕೂಡಲಿ, ಅದು ಅವಳ ಇಷ್ಟ. ಆದರೆ ನನ್ನ ಬದುಕಿನ ಕತೆಯನ್ನು ತಪ್ಪಾಗಿ ಕೇಳಿ ಅವಳು ಕೂಡಬಾರದು. ನನ್ನ ಮಾತನ್ನು ನಾನು ತಿದ್ದಬಹುದಲ್ಲ?’ ಎಂದಳು. ಅದೇ ಹೊತ್ತಿಗೆ ರಸ್ತೆಯ ತುಂಬ ಕುರಿಹಿಂಡು! ಮೌಲಾಲಿ ಹಾರ್ನ್ ಒತ್ತಿ ಹಿಡಿದ. ಕುರಿಗಳು ಹಾರ್ನಿಗೆ ಹೆದರಿ ಇನ್ನೂ ಒತ್ತಾಗಿ ನಿಂತವು. ಕುರಿ ಕಾಯುವ ಮುದುಕ, ‘ಒದರಬ್ಯಾಡ್ರಿ, ಒದರಿದ್ರ ಹೆಜ್ಜಿ ಕಿತ್ತಂಗಿಲ್ಲ ಅವು’ ಎಂದು ಕೋಲೂರಿಕೊಂಡು ತನ್ನ ಪಾಡಿಗೆ ತಾನು ನಡೆದ. ನಾನು ಇಳಿದು ಕುರಿಗಳ ನಡುವೆ ಓಡಾಡಿ ಹುಶ್ ಹುಶ್ ಎಂದೆ. ತಿಮ್ಮವ್ವನೂ ಇಳಿದು ಜಪಾನಿಯಲ್ಲಿ ಹುಶ್ ಎಂದಳು. ದಾರಿ ಬಿಟ್ಟದ್ದು ಅವಳಿಗೋ ನನಗೋ ಗೊತ್ತಿಲ್ಲ.

ಪಂಚಾಯಿತಿ ಕಚೇರಿಯ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ, ಎಲ್ಲರೂ ನೆರೆದಿದ್ದರು. ಹನುಮವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತಿದ್ದಳು. ಪಕ್ಕದಲ್ಲಿ ಬಸಪ್ಪ. ಈರಮ್ಮ ದಾರಿಗೆ ಅಡ್ಡ ನಿಂತು ಬಾಯಿ ಮಾಡುತ್ತಿದ್ದಳು. ಜೀಪು ನಿಲ್ಲುವ ಮೊದಲೇ ನಾನು ಹಾರಿದೆ.

‘ಹನುಮವ್ವಾ, ನಿನ್ನಿ ನಾ ಹೇಳಿದ್ದು ತಪ್ಪಾಗ್ಯದ! ತಿಮ್ಮವ್ವ ಕೂತಿದ್ದು ಧರಣಿ. ಮೆಟ್ಟಲ ಮ್ಯಾಲ, ಕೂಸುಗಳನ್ನ ಕಟ್ಕೊಂಡು. ಎಲೆಕ್ಷನ್ಯಾಗ ಆಕಿ ಒಂದು ಸಲನೂ ಕೂತಿಲ್ಲ!’

ಬಸಪ್ಪನಿಗೆ ಸಿಟ್ಟು ಬಂತು. ‘ನಿನ್ನಿ ಒಂದು ಹೇಳ್ತಿ, ಇವತ್ತು ಒಂದು ಹೇಳ್ತಿ. ಜಪಾನಿ ನಮಗೇನು ತಿಳಿತದ, ನೀ ಹೇಳಿದ್ದ ಖರೆ ಅನಬೇಕೇನು?’ ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಆಗ ತಿಮ್ಮವ್ವ ಮುಂದೆ ಬಂದಳು. ಜಪಾನಿ ಇಲ್ಲ, ಇಂಗ್ಲಿಷಿಲ್ಲ. ಬೇವಿನ ಕಟ್ಟೆಯ ಮೇಲೆ ಕೂತಳು, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ತಟ್ಟುವ ಹಾಗೆ ಮಾಡಿ ತೋರಿಸಿದಳು, ಎದುರಿಗಿದ್ದ ಯಾರಿಗೋ ಬೆರಳು ಮಾಡಿ ಗದರಿದಳು. ಧರಣಿ! ಹೆಣ್ಣುಮಕ್ಕಳಿಗೆ ಒಂದೇ ಏಟಿಗೆ ತಿಳಿಯಿತು. ‘ಹೌದಲ್ಲ ಬೇ, ನಮ್ಮಂಗ ಕೂತಾಳ!’ ಎಂದು ಗದ್ದಲವೆದ್ದಿತು.

ಹನುಮವ್ವ ಮಾತ್ರ ನಗಲಿಲ್ಲ. ಮೆಲ್ಲಗೆ ಕೇಳಿದಳು, ‘ಯಣ್ಣಾ, ಆಕಿ ಬಿದ್ದಾಗ ಊರ ಮಂದಿ ನಕ್ಕರೇನು, ಕೇಳು.’

ಆ ಪ್ರಶ್ನೆಯನ್ನು ನಾನು ಒಂದು ಅಕ್ಷರ ಹೆಚ್ಚುಕಡಿಮೆ ಮಾಡದೆ ಕೆಂಜಿಗೆ ಕೊಟ್ಟೆ. ತಿಮ್ಮವ್ವನ ಉತ್ತರವೂ ಹಾಗೆಯೇ ಬಂತು. ‘ನಕ್ಕರು. ಬಹಳ ನಕ್ಕರು. ಮರುದಿನ ಬೆಳಿಗ್ಗೆ ಅದೇ ಜನರ ಬಾಗಿಲಿಗೆ ಪತ್ರಿಕೆ ಹಾಕಲು ಹೋಗಬೇಕಿತ್ತು. ಮೊದಲ ಬಾಗಿಲಿಗೆ ಹೋಗುವಾಗ ಕಾಲು ನಡುಗಿತು. ಆಮೇಲಿನ ಬಾಗಿಲುಗಳಿಗೆ ನಡುಗಲಿಲ್ಲ.’

ಹನುಮವ್ವ ಗೇಟು ದಾಟಿ ಒಳಗೆ ಹೋದಳು. ಬಸಪ್ಪ ಹಿಂದೆ ಹೋದ. ನಾವು ಹೊರಗೇ ಉಳಿಯಬೇಕು. ಮೂರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವಳ ಮನಸ್ಸಿನಲ್ಲಿ ಏನಿದೆಯೋ ತಿಳಿಯಲಿಲ್ಲ. ತೆರೆದ ಕಿಟಕಿಯಿಂದ ಚುನಾವಣಾ ಅಧಿಕಾರಿಯ ಟೇಬಲ್ಲು ಕಾಣುತ್ತಿತ್ತು. ಅವನು ಮೈಸೂರು ಕಡೆಯ ಯುವಕ, ಬಹಳ ಮರ್ಯಾದಸ್ಥ. ವಯಸ್ಸಾದ ಹೆಣ್ಣುಮಗಳು ಬಂದಳೆಂದು ಎದ್ದು ನಿಂತ. ತನ್ನೆದುರಿನ ಕುರ್ಚಿ ಎಳೆದ. ನಯವಾಗಿ, ‘ಬನ್ನಿ ಅಮ್ಮ, ಕೂತ್ಕೊಳ್ಳಿ’ ಎಂದ.

ಹನುಮವ್ವ ತಲೆಯೆತ್ತಿದಳು.

‘ಯಾಕಮ್ಮ ನಿಂತಿದೀರಾ? ಆರಾಮಾಗಿ ಕೂತ್ಕೊಳ್ಳಿ.’

‘ಯಾಕ ಕೂಡ್ಲಿ?’ ಎಂದಳು ಹನುಮವ್ವ. ದನಿ ಕಿಟಕಿಯಿಂದ ಹೊರಗೆ ಹಾರಿ ಬಂತು. ‘ನಿಮಗೂ ಹೇಳಿ ಕಳಿಸ್ಯಾರೇನು? ಮನ್ಯಾಗ ಕೂಡು ಅಂತಾರ, ಓಣ್ಯಾಗ ಕೂಡು ಅಂತಾರ, ಈಗ ಸರಕಾರದವ್ರೂ ಕೂಡು ಅಂತೀರೇನು? ನಾ ಕೂಡಂಗಿಲ್ರೀ! ನಿಂತೀನಿ! ಬಿದ್ರ ಬೀಳ್ತೀನಿ, ಕೂಡಂಗಿಲ್ಲ!’

‘ಅಮ್ಮಾ, ನಾನು ಹೇಳಿದ್ದು ಕುರ್ಚಿ ಮೇಲೆ…’ ಎಂದು ಪಾಪದ ಅಧಿಕಾರಿ ತೊದಲಿದ. ಯಾರು ಕೇಳುತ್ತಾರೆ! ಬೇವಿನ ಮರದ ಕೆಳಗೆ ಕೇಕೆ, ಸಿಳ್ಳೆ. ಈರಮ್ಮ ನನ್ನ ಬೆನ್ನಿಗೆ ಗುದ್ದಿದಳು. ಕೆಂಜಿ ಏನಾಯಿತೆಂದು ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದ, ನನಗೆ ಒಂದೇ ಒಂದು ಇಂಗ್ಲಿಷ್ ಪದ ನೆನಪಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ. ತಿಮ್ಮವ್ವ ಯಾರ ಅನುವಾದಕ್ಕೂ ಕಾಯದೆ ಕುಣಿಯುವ ಹೆಣ್ಣುಮಕ್ಕಳ ನಡುವೆ ಸೇರಿಹೋಗಿದ್ದಳು. ಒಳಗೆ ಹನುಮವ್ವ ಗೋಡೆಯ ಗಡಿಯಾರ ಮೂರು ತೋರಿಸುವವರೆಗೆ ಆ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದಳು. ಬಸಪ್ಪ ಮಾತ್ರ ಆ ಕುರ್ಚಿಯ ಮೇಲೆ ಕುಸಿದು ಕೂತ.

ತಿಮ್ಮವ್ವ, ಕೆಂಜಿಯನ್ನು ರಾಯಚೂರಿನಲ್ಲಿ ರೈಲಿಗೆ ಹತ್ತಿಸುವಾಗ ಮಾಸ್ತರು ಜ್ವರದಲ್ಲೇ ಎದ್ದು ಬಂದಿದ್ದರು. ಎಲ್ಲ ಕೇಳಿ ನನ್ನನ್ನು ಬೈಯಲಿಲ್ಲ, ಅದೇ ಆಶ್ಚರ್ಯ. ‘ಅನುವಾದ ಅಂದ್ರ ಇಷ್ಟ ನೋಡಲೇ, ನಿನ್ನ ಮಾತು ಅವರ ಮನಿಗಿ ಹೋದಾಗ ಏನಾಗತದ ಅಂತ ಹಿಂದ ಹೋಗಿ ನೋಡಬೇಕು’ ಎಂದರು. ಈ ಕೆಲಸಕ್ಕೆ ಬರುವ ಮಕ್ಕಳೇ, ನನ್ನಿಂದ ಬೇರೇನೂ ಕಲಿಯದಿದ್ದರೂ ಇದೊಂದನ್ನು ಕಲಿಯಿರಿ.

ಮತ ಎಣಿಸಿದ ದಿನ ಹನುಮವ್ವ ಗೆದ್ದಳು. ಕೂದಲೆಳೆಯ ಅಂತರ, ಆದರೆ ಗೆದ್ದಳು. ನಾನು ಅದೇ ತಿಂಗಳು ನಿವೃತ್ತನಾದೆ. ಪಂಚಾಯಿತಿಯ ಮೊದಲ ಸಭೆಯ ದಿನ ಮನೆಯಲ್ಲಿ ಚಡಪಡಿಸುತ್ತಿದ್ದೆ. ಆ ಸಭಾಂಗಣದ ರೀತಿ ನನಗೆ ಗೊತ್ತಿತ್ತು. ಸದಸ್ಯರಿಗೆಲ್ಲ ಕುರ್ಚಿ, ಊರ ಹೊರಗಿನ ಕೇರಿಯಿಂದ ಗೆದ್ದು ಬಂದ ಹೆಣ್ಣುಮಕ್ಕಳಿಗೆ ಬಾಗಿಲ ಹತ್ತಿರ ಚಾಪೆ. ಹಿಂದೆಯೂ ಹಾಗೇ ನಡೆದಿತ್ತು, ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಈರಮ್ಮನ ಫೋನು ಬಂತು. ಹಿಂದೆ ಏನೇನೋ ಗದ್ದಲ, ಅವಳು ಏದುಸಿರು ಬಿಡುತ್ತಿದ್ದಳು.

‘ಯಣ್ಣಾ, ಹನುಮವ್ವ ಕೂತಳು!’

ರಾಜೀನಾಮೆ ಬರೆಸಿಕೊಂಡರೋ, ಹೆದರಿಸಿದರೋ, ಇಷ್ಟೆಲ್ಲ ಆಗಿ ಕೊನೆಗೆ ಕೂಡಿಸಿಯೇಬಿಟ್ಟರೋ? ‘ಎಲ್ಲಿ ಕೂತಳವ್ವಾ? ಯಾಕ ಕೂತಳು?’ ಎಂದೆ.

‘ಚಾಪಿ ತೋರ್ಸಿದ್ರು ಯಣ್ಣಾ, ಕೂಡ್ಲಿಲ್ಲ. ನಿಂತಳು. ಸಭಾ ಸುರು ಆಗಾಕ ಬಿಡ್ಲಿಲ್ಲ. ನೀವೆಲ್ಲ ಯಾವುದ್ರ ಮ್ಯಾಲ ಕೂತೀರಿ ಅದ ತರ್ರಿ ಅಂದ್ಲು. ಕಡೀಕ ಗೌಡರ ಸೊಸಿ ಗೆಲ್ತಾಳಂತ ಮೊದಲ ತಂದಿಟ್ಟಿದ್ದ ಕುರ್ಚಿನ ತಂದು ಹಾಕಿದ್ರು. ಈಗ ಕೂತಾಳ. ಕುರ್ಚಿ ಮ್ಯಾಲ ಕೂತಾಳ, ಯಣ್ಣಾ! ಕೆರಿ ಕೆಲಸದ ಮಾತು ಎತ್ತ್ಯಾಳ!’